ಕಾರು ಕೊಟ್ಟ ಸಾಹುಕಾರರು

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ಹೊಗೆಸೊಪ್ಪಿನ ಸಾಹುಕಾರರು. ಅರವತ್ತರ ದಶಕದಲ್ಲಿ ಬೀದಿಗೆಲ್ಲ ಇದ್ದದ್ದು ಅವರದೊಂದೇ ಕಾರು. ಎದುರು ಸಿಕ್ಕವರಿಗೆ ಸ್ಟೇರಿಂಗ್ ಮೇಲಿಂದಲೇ ಎರಡು ಬೆರಳು ಎತ್ತುತ್ತಿದ್ದರು. ಯಾರು ಏನು ಹೊಗಳಿದರೂ "ಇರ್ಲಿ ಬುಡಿ" ಎನ್ನುತ್ತಿದ್ದರು. ಆ ಎರಡು ಬೆರಳು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಕೂಲು ಮೇಷ್ಟರಾದ ನನಗೆ ಇದ್ದದ್ದು ಸೈಕಲ್.

ಕಾರು ಹಳೆಯದಾಗಿ ಕೆಟ್ಟು ನಿಂತಿತು. ಗುಜರಿಗೆ ಹಾಕುತ್ತಾರೆಂದುಕೊಂಡರೆ, ಪಕ್ಕದ ಕೋಟೆ ತಾಲ್ಲೂಕಿನ ಧರ್ಮಾಸ್ಪತ್ರೆಯೊಂದಕ್ಕೆ ದಾನ ಕೊಟ್ಟುಬಿಟ್ಟರು. ಒಯ್ಯಲು ಆಸ್ಪತ್ರೆಯವರೇ ಜೀಪು, ಹಗ್ಗ ತಂದು ಮನೆ ಬಾಗಿಲಿಗೆ ಬಂದರು. ಸಾಹುಕಾರರ ಹೆಂಡತಿ, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಮುಂದಿನ ಸೀಟಿನಲ್ಲಿ ಮಡಿಲಕ್ಕಿ ಇಟ್ಟರು. ಬೀದಿಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು, ನನ್ನ ಹೆಂಡತಿಯೂ.

ಇನ್ನು ಈ ಮನುಷ್ಯನೂ ನನ್ನ ಹಾಗೆಯೇ ಎಂದು ನಾನು ಒಳಗೊಳಗೇ ಹಿಗ್ಗಿದೆ. ಮರುದಿನ ಬೆಳಿಗ್ಗೆ ಅವರು ನಮ್ಮ ಜಗಲಿಗೆ ಬಂದರು.

"ಮೇಷ್ಟ್ರೇ, ಪ್ಯಾಟೆ ಗಂಟ ನಿಮ್ ಸೈಕಲ್ ಮ್ಯಾಲೆ ಬರ್ಲಾ?"

"ನಿಮ್ಮಂತೋರು ಕ್ಯಾರಿಯರ್ ಮೇಲಾ?"

"ಇರ್ಲಿ ಬುಡಿ."

ಪೇಟೆಬೀದಿಯಲ್ಲಿ ಅಂಗಡಿಯವರು ಒಬ್ಬೊಬ್ಬರಾಗಿ ಎದ್ದು ನಿಂತು ಕೈಮುಗಿದರು. "ಎಂಥಾ ದಾನ ಮಾಡುದ್ರಿ, ಸಾವ್ಕಾರ್ರೇ" ಎಂದರು. ಬೆವರು ಸುರಿಸಿಕೊಂಡು ತುಳಿಯುತ್ತಿದ್ದವನನ್ನು ಯಾರೂ ನೋಡಲಿಲ್ಲ. ನಾನೂ ಒಂದು ಕೈ ಎತ್ತಲು ಹೋದೆ, ಹ್ಯಾಂಡಲ್ ಓಲಾಡಿತು, ಮತ್ತೆ ಹಿಡಿದುಕೊಂಡೆ.

ನನ್ನ ಬೆನ್ನ ಹಿಂದೆ ಎರಡು ಬೆರಳು ಎದ್ದಿದ್ದವು. ತಿರುಗಿ ನೋಡಬೇಕಾಗಿರಲಿಲ್ಲ.