ಕೈಗೆ ತಿಳಿಯದ ಜ್ವರ

ರಾಮನಗರದಲ್ಲಿ ಬಸ್ ಹತ್ತಿ ನನ್ನ ಪಕ್ಕ ಕುಳಿತ ಅಪರಿಚಿತ ಹೆಂಗಸು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು, ತನ್ನ ಮಡಿಲಲ್ಲಿದ್ದ ಮಗುವಿನ ಹಣೆಯ ಮೇಲಿಟ್ಟಳು. ನಾನು ಬೆಚ್ಚಿ ಕೈ ಎಳೆದುಕೊಂಡೆ.

“ಬೇಜಾರ್ ಮಾಡ್ಕಬೇಡಿ ಅಕ್ಕಾ. ಜ್ವರ ಬುಟ್ಟೈತಾ ಒಸಿ ನೋಡಿ. ಫಿಲೇಚರ್ ಫ್ಯಾಕ್ಟ್ರಿನಾಗೆ ದಿನಾ ಕುದಿಯೋ ನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ತೆಗ್ದು ತೆಗ್ದು, ನನ್ ಬೆರಳಿಗೆ ಬಿಸಿನೂ ಗೊತ್ತಾಗಕಿಲ್ಲ, ತಂಪೂ ಗೊತ್ತಾಗಕಿಲ್ಲ.”

ಅವಳ ಬೆರಳ ತುದಿಗಳು ಬಿಳಿಚಿಕೊಂಡು ಸುಲಿದಿದ್ದವು. ಕೈ ಎಳೆದುಕೊಂಡದ್ದಕ್ಕೆ ನಾಚಿಕೆಯಾಯಿತು. ಈ ಸಲ ನಾನೇ ಮುಟ್ಟಿದೆ. ಹಣೆ ತಣ್ಣಗಿತ್ತು.

“ಜ್ವರ ಇಲ್ಲಮ್ಮ. ಬೇಕಾದರೆ ಕೆನ್ನೆ ಇಟ್ಟು ನೋಡು,” ಎಂದೆ.

ಅವಳು ಬಗ್ಗಿ ಮಗುವಿನ ಹಣೆಗೆ ಕೆನ್ನೆ ಒತ್ತಿದಳು. ಚನ್ನಪಟ್ಟಣ ಬರುವವರೆಗೂ ತಲೆ ಎತ್ತಲಿಲ್ಲ.