ಐಸಿನ ಖಾನೆಯಲ್ಲಿ ಅವ್ವನ ಇನ್ಸುಲಿನ್

ಜೀವ ಉಳಿಸುವ ವಸ್ತುವಿಗೆ ಮನುಷ್ಯ ಎಲ್ಲ ಕಾಲದಲ್ಲೂ ಮನೆಯ ಅತ್ಯುನ್ನತ ಸ್ಥಾನವನ್ನೇ ಕೊಟ್ಟಿದ್ದಾನೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ಆ ಸ್ಥಾನವೆಂದರೆ ಫ್ರಿಜ್ಜಿನ ಮೇಲ್ತುದಿಯ ಐಸಿನ ಖಾನೆ.

ತೊಂಬತ್ತರ ದಶಕದ ಕೊನೆ. ಅವ್ವನಿಗೆ ಸಕ್ಕರೆ ಕಾಯಿಲೆ, ಎಡಗಾಲಿನ ಹೆಬ್ಬೆರಳಿನಲ್ಲಿ ಮಾಯದ ಹುಣ್ಣು. ಇನ್ಸುಲಿನ್ ತಗೊಂಡು ಸಕ್ಕರೆ ಹಿಡಿತಕ್ಕೆ ಬಂದರೆ ಬೆರಳು ಉಳಿಯುತ್ತದೆ ಎಂದು ಹರಪನಹಳ್ಳಿಯ ಡಾಕ್ಟರು ಹೇಳಿದ್ದರು. ಫ್ರಿಜ್ಜು ನಮ್ಮ ಜೊತೆಗೇ ಇದ್ದ ಕಾಕಾನದು, ಅಂದರೆ ಅಪ್ಪನ ತಮ್ಮನದು. ಆದ್ದರಿಂದ ಔಷಧಶಾಸ್ತ್ರವೂ ಅವನದೇ ಆಯಿತು. ನಡುವಿನ ಖಾನೆಯಲ್ಲಿ ನಾನಿಟ್ಟ ಸೀಸೆಯನ್ನು ಅವನು ಮೊದಲ ದಿನವೇ ಎತ್ತಿ ಮೇಲಿಟ್ಟ.

"ನಿನ್ನಿ ಸಾರಿನ ಮುಸುರಿ ಬಾಜೂಕ ಔಷಧಿ ಇಡ್ತಾರೇನಲೇ? ಮ್ಯಾಲಿನ ಖಾನಿ ಸ್ವಚ್ಛ ಐತಿ, ತಂಪೂ ಜಾಸ್ತಿ."

"ಹೆಪ್ಪುಗಟ್ಟಬಾರದು ಅಂತ ಡಬ್ಬಿ ಮ್ಯಾಲೆ ಬರದಾರ, ಕಾಕಾ."

"ಬರದಾವ ಕೊಟ್ಟೂರಿನ ಬ್ಯಾಸಿಗಿ ನೋಡ್ಯಾನೇನು?"

ಹೈಸ್ಕೂಲಿನಲ್ಲಿ ಘನ, ದ್ರವ, ಅನಿಲಗಳ ಪಾಠ ಹೇಳುತ್ತಿದ್ದ ನಾನು ಈ ವಾದಕ್ಕೆ ತಲೆಬಾಗಿದೆ. ನನ್ನ ವಿಜ್ಞಾನ ಶಾಲೆಯ ಗೇಟು ದಾಟಿ ಬರುವಷ್ಟು ಗಟ್ಟಿಯಾಗಿರಲಿಲ್ಲ.

ಬೆಳಿಗ್ಗೆ ಕಾಕಾ ಸ್ನಾನ ಮುಗಿಸಿ, ಕಲ್ಲಾದ ಸೀಸೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕರಗಿಸುತ್ತಿದ್ದ. ಮುಖದಲ್ಲಿ ಅಭಿಷೇಕದ ಗಾಂಭೀರ್ಯ. ನಾನು ಸೂಜಿ ಹಿಡಿದು ಕಾಯುತ್ತಿದ್ದೆ. ನಾಲ್ಕೇ ದಿನಕ್ಕೆ ಔಷಧಿಯಲ್ಲಿ ಬಿಳಿ ಚೂರುಗಳು ತೇಲಿದವು. "ಶಕ್ತಿ ಗಟ್ಟಿಯಾಗೇತಿ" ಎಂದ ಕಾಕಾ. ಅದನ್ನೂ ಚುಚ್ಚಿದೆ.

ಸಕ್ಕರೆ ಇಳಿಯಲಿಲ್ಲ. ಹುಣ್ಣು ಅಗಲವಾಯಿತು. ಕಾಕಾ ತನಿಖೆ ನಡೆಸಿ ಅಪರಾಧಿಯನ್ನು ಹಿಡಿದ.

"ಅತ್ತಿಗೆವ್ವ ಕದ್ದು ಬೆಲ್ಲಾ ತಿಂತಾಳ."

"ಬೆಲ್ಲದ ಡಬ್ಬಿ ನಿನ್ನ ಖೋಲ್ಯಾಗ ಐತೆಪ್ಪಾ," ಎಂದಳು ಅವ್ವ, ಕಾಲಿನ ಬಟ್ಟೆ ಬಿಚ್ಚುತ್ತ. "ತಿನ್ನೋರು ಯಾರಂತ ಇರುವೀನ ಕೇಳು."

ತಿಂಗಳ ಕೊನೆಗೆ ಮೂವರೂ ಹರಪನಹಳ್ಳಿಯ ಬಸ್ಸು ಹತ್ತಿದೆವು. ಸೀಸೆಯನ್ನು ಎಲ್ಲಿಡುತ್ತೀರಿ ಎಂದು ಡಾಕ್ಟರು ಕೇಳಿದರು. ಕಾಕಾ ಎದೆಯುಬ್ಬಿಸಿ ಹೇಳಿದ. ಡಾಕ್ಟರು ನಾವು ತಂದಿದ್ದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಸದ ಬುಟ್ಟಿಗೆ ಹಾಕಿದರು.

"ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು ಯಜಮಾನ್ರೆ. ಇಷ್ಟು ದಿನ ನೀರು ಚುಚ್ಚಿದಂಗೆ. ಕೆಳಗೆ ತರಕಾರಿ ಜೊತೆ ಇಟ್ಟಿದ್ರೂ ಸಾಕಿತ್ತು."

"ತರಕಾರಿ ಬಾಜೂಕ ನಡೀತೈತ್ರಿ," ಎಂದ ಕಾಕಾ, ಸ್ವಲ್ಪ ಯೋಚಿಸಿ. "ಸಾರಿನ ಬಾಜೂಕ ಮಾತ್ರ ಆಗಂಗಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿ, ಏನು ಓದಿದ್ದೀರಿ ಎಂದು ಕೇಳಿದರು. ಹೇಳಿದೆ. ಅವರು ಹೊಸ ಸೀಸೆಯ ಚೀಟಿಯನ್ನು ಅವ್ವನ ಕೈಗೆ ಕೊಟ್ಟರು.

ಹೊಸ ಸೀಸೆ ಬದನೆಕಾಯಿಯ ಪಕ್ಕದಲ್ಲಿತ್ತು. ಎರಡು ವಾರದಲ್ಲಿ ಸಕ್ಕರೆ ಇಳಿಯಿತು. ಅಷ್ಟರಲ್ಲಿ ಹೆಬ್ಬೆರಳು ಕಪ್ಪಾಗಿತ್ತು. ಬಳ್ಳಾರಿಯಲ್ಲಿ ಅದನ್ನು ತೆಗೆದರು.