ಜಪಾನ್ ಗಾಡಿ ಮತ್ತು ರುದ್ರಣ್ಣನ ಮರೆವು

ರುದ್ರಣ್ಣನಿಗೆ ಮರೆವಿನ ಕಾಯಿಲೆ ಇರಲಿಲ್ಲ. ಅದನ್ನು ಅಂಟಿಸಿದವನು ನಾನು. ಬರೀ ಬಾಯಲ್ಲಿ ಅಂಟಿಸಿದೆ — ಒಂದು ಸಲ ಅವರ ದನಿಯಲ್ಲಿ ಮಾತಾಡಿ, ಇನ್ನೊಂದು ಸಲ ನನ್ನದೇ ದನಿಯಲ್ಲಿ. ಎರಡನೆಯದೇ ಹೆಚ್ಚು ಹೊಲಸು.

ಓದುವವರಲ್ಲಿ ಚನ್ನಪಟ್ಟಣದ ಕಡೆಯವರಿದ್ದರೆ ಈಗಾಗಲೇ ತುಟಿ ಅರಳಿಸಿರುತ್ತೀರಿ. ಮಂಜ ಬರೆದಿದ್ದಾನೆ ಎಂದರೆ ಯಾರದೋ ಗ್ರಹಚಾರ ಬಿಡಿಸಿರುತ್ತಾನೆ ಅಂತ. ಗಣಪತಿ ಕೂರಿಸಿದ ಕಡೆಯೆಲ್ಲ ನನ್ನ ಮಿಮಿಕ್ರಿ ಇದ್ದೇ ಇರುತ್ತದೆ. ಬಸ್ ಕಂಡಕ್ಟರ್ ಸೀಟಿ ಊದುವುದು, ನಮ್ಮ ಹೆಡ್‌ಮಾಸ್ತರು ಮೂಗಿನಿಂದ ಬೈಯುವುದು, ನಮ್ಮಪ್ಪ ಕೆಮ್ಮುವುದು, ಹುಡುಗಿಯರ ಮುಂದೆ ನಾನೇ ತೊದಲುವುದು — ಯಾರನ್ನೂ ಬಿಟ್ಟಿಲ್ಲ, ನನ್ನನ್ನೂ ಬಿಟ್ಟಿಲ್ಲ. ನಗಿಸುವವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅದೂ ನನಗೆ ಗೊತ್ತಿತ್ತು. ಇವತ್ತು ಮಾತ್ರ ನಗಬೇಡಿ. ನಕ್ಕರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅವತ್ತು ನೀವೂ ನಕ್ಕಿದ್ದಿರಿ.

ನಾನು ಆಗ ಕೆಲಸ ಮಾಡುತ್ತಿದ್ದದ್ದು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹಳೇ ಮೈಸೂರು ರಸ್ತೆಯ ಪಕ್ಕದ ಒಂದು ಸೆಕೆಂಡ್ ಹ್ಯಾಂಡ್ ಕಾರುಗಳ ಯಾರ್ಡಿನಲ್ಲಿ. ಮಾಲೀಕ ಪುಟ್ಟಸ್ವಾಮಿ. ಎಲ್ಲ ಕಂಪನಿಯ ಗಾಡಿಯೂ ಬರುತ್ತಿತ್ತು. ಜನ ಬಂದು ಮೊದಲು ಕೇಳುತ್ತಿದ್ದದ್ದು ಒಂದನ್ನೇ — ಜಪಾನ್ ಗಾಡಿ ಐತಾ? ಜಪಾನಿನಲ್ಲಿ ಕಾರಿನ ಕಂಪನಿಗಳು ಎಷ್ಟೋ ಇರಬಹುದು. ಕನಕಪುರದಿಂದ ಮಾಗಡಿಯವರೆಗೆ ಜಪಾನ್ ಗಾಡಿ ಎಂದರೆ ಒಂದೇ: ಎಂಟು ಜನ ಕೂರುವ, ಮದುವೆಗೂ ಆಸ್ಪತ್ರೆಗೂ ತಿರುಪತಿಗೂ ಒಂದೇ ಸಮನೆ ಓಡುವ ಆ ಗಾಡಿ. ಅದರ ಹೆಸರು ಬರೆಯುವುದಿಲ್ಲ. ಇಲ್ಲಿ ತಪ್ಪು ಮಾಡದೆ ಇರುವುದು ಅದೊಂದೇ. ನನ್ನ ಹೊಲಸಿನ ಪಕ್ಕದಲ್ಲಿ ಅದರ ಹೆಸರನ್ನು ಯಾಕೆ ಇಡಲಿ.

ಆ ಗಾಡಿಗಳ ವಿಷಯದಲ್ಲಿ ಕೊನೆಯ ಮಾತು ರುದ್ರಣ್ಣನದು. ಅರವತ್ತು ದಾಟಿದ ಡ್ರೈವರ್. ಒಂದು ಕಾಲದಲ್ಲಿ ಆ ಕಂಪನಿಯ ಜಪಾನಿ ಇಂಜಿನಿಯರುಗಳನ್ನು ಕೂರಿಸಿಕೊಂಡು ವರ್ಷಗಟ್ಟಲೆ ಓಡಾಡಿದವರು. ಜಂಬ ವಿಪರೀತ. ಆ ಇಂಜಿನಿಯರುಗಳಿಂದ ಕೇಳಿಸಿಕೊಂಡ ಕಂಪನಿಯ ಚರಿತ್ರೆಯನ್ನು ಪುರಾಣ ಹೇಳಿದ ಹಾಗೆ ಹೇಳುತ್ತಿದ್ದರು. ಆ ಮನೆತನದವರು ಮೊದಲು ಮಾಡಿದ್ದು ಕಾರಲ್ಲವಂತೆ, ಮಗ್ಗ. ಒಂದೇ ಒಂದು ಎಳೆ ಕಡಿದರೂ ತಾನಾಗಿಯೇ ನಿಂತುಬಿಡುವ ಮಗ್ಗ. ಆಮೇಲೆ ಕಾರಿನ ಕಾರ್ಖಾನೆಯಲ್ಲೂ ಅದೇ ಬುದ್ಧಿ: ಕೆಲಸಗಾರನ ತಲೆಯ ಮೇಲೆ ಒಂದು ಹಗ್ಗ. ತಪ್ಪು ಕಂಡರೆ ಯಾರು ಬೇಕಾದರೂ ಎಳೆಯಬಹುದು, ಕೆಲಸವೆಲ್ಲ ನಿಲ್ಲುತ್ತದೆ, ಎಳೆದವನನ್ನು ಯಾರೂ ಬೈಯುವುದಿಲ್ಲ. ಇಷ್ಟು ಹೇಳಿ ರುದ್ರಣ್ಣ ತಮ್ಮದೊಂದು ಬಾಲ ಸೇರಿಸುತ್ತಿದ್ದರು — ಮಗ್ಗಕ್ಕೆ ರೇಷ್ಮೆ ಬೇಕಲ್ಲ, ಅದಕ್ಕೇ ಅವರು ಕಾರ್ಖಾನೆ ಹಾಕಲು ರೇಷ್ಮೆ ಊರಾದ ರಾಮನಗರ ಹುಡುಕಿಕೊಂಡು ಬಂದದ್ದು. ಯಾರಾದರೂ ನಕ್ಕರೆ ಅವತ್ತೆಲ್ಲ ಅವರ ಜೊತೆ ಮಾತು ಬಂದ್.

ಅವರು ಗಾಡಿ ನೋಡುವ ರೀತಿಯೇ ಬೇರೆ. ಬಾನೆಟ್ ತೆಗೆಯುತ್ತಿರಲಿಲ್ಲ. ಕಿಟಕಿಗಳನ್ನೆಲ್ಲ ಏರಿಸಿ, ಪಕ್ಕದಲ್ಲಿ ಕೂತವನ ಬಾಯಿ ಮುಚ್ಚಿಸಿ, ಕೆಂಗಲ್ ಆಂಜನೇಯನವರೆಗೆ ಓಡಿಸುತ್ತಿದ್ದರು. ಗುಡಿಯ ಮುಂದೆ ಇಂಜಿನ್ ಆರಿಸಿ, ಒಂದು ಗಳಿಗೆ ಸುಮ್ಮನೆ ಕೂತು, ಕೈ ಮುಗಿದು, ಮತ್ತೆ ಸ್ಟಾರ್ಟ್ ಮಾಡಿ ವಾಪಸ್. ಇಳಿದು ಬಾಗಿಲು ಹಾಕುತ್ತ ಎರಡರಲ್ಲಿ ಒಂದು ಮಾತು: ಗಾಡಿ ಐತೆ. ಇಲ್ಲವೇ, ಗಾಡಿ ಇಲ್ಲ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಕೊಳ್ಳುವವನು ದೂರದ ಊರಿನವನಾದರೆ ನಮ್ಮ ಯಾರ್ಡಿನ ಫೋನಿನಿಂದಲೇ ಅದನ್ನು ಹೇಳುತ್ತಿದ್ದರು, ತಮ್ಮದೊಂದು ಫೋನ್ ಇಟ್ಟುಕೊಂಡವರಲ್ಲ. ಅಷ್ಟಾದರೆ ಮೆಕ್ಯಾನಿಕ್ಕೂ ಬೇಡ, ಇನ್ನೊಬ್ಬರನ್ನು ಕೇಳುವುದೂ ಬೇಡ. ಜಪಾನಿನ ಹೆಸರು, ರುದ್ರಣ್ಣನ ಮಾತು — ಮುಗಿಯಿತು.

ಆ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದು ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತ್ತಲ್ಲ, ಅಂಥದೊಂದು ಮನೆಯ ಮುಂದೆ ಸೀಟಿನ ಮಟ್ಟದ ನೀರಿನಲ್ಲಿ ನಿಂತಿದ್ದ ಜಪಾನ್ ಗಾಡಿಯೊಂದು ಪುಟ್ಟಸ್ವಾಮಿಯ ಕೈಗೆ ಬಂತು. ತೊಳೆದೆವು, ಬಿಸಿಲಿಗೆ ಹಾಕಿದೆವು, ಹೊಸ ಸೀಟ್ ಕವರ್ ಹೊದಿಸಿದೆವು, ಕನ್ನಡಿಗೆ ಮಲ್ಲಿಗೆ ವಾಸನೆಯ ಬಾಟಲಿ ಕಟ್ಟಿದೆವು. ಮಾಗಡಿ ತಾಲ್ಲೂಕಿನ ಕೆಂಪಾಪುರದ ಗಂಗಾಧರ ಬಂದು ನೋಡಿ ಮರುಳಾದ. ಮದುವೆ ಬಾಡಿಗೆಗೆ ಗಾಡಿ ಓಡಿಸಬೇಕೆಂದಿದ್ದವನು. ರುದ್ರಣ್ಣ ಹೇಳಲಿ, ತೆಗೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದ.

ಮರುದಿನ ರುದ್ರಣ್ಣ ಕೆಂಗಲ್ಲಿಗೆ ಹೋಗಿ ಬಂದರು. ಬಾಗಿಲು ಹಾಕಿದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. "ಗಾಡಿ ಇಲ್ಲ" ಎಂದರು. ಟೀ ಕುಡಿಯದೆ ಬಸ್ಸು ಹತ್ತಿ ಹೋದರು.

ಪುಟ್ಟಸ್ವಾಮಿ ಅವರ ವಂಶವನ್ನೆಲ್ಲ ಬೈಯುತ್ತಿರುವಾಗಲೇ ಗಂಗಾಧರನ ಫೋನ್ ಬಂತು. ಪುಟ್ಟಸ್ವಾಮಿ ನನ್ನ ಮುಖ ನೋಡಿದ. ಫೋನಿನ ಬಾಯಿಗೆ ಕೈ ಮುಚ್ಚಿ, "ಲೇ ಮಂಜ, ಒಸಿ ರುದ್ರಣ್ಣ ಆಗ್ಲಾ" ಎಂದ.

ಇಲ್ಲಿ ಪುಟ್ಟಸ್ವಾಮಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಮಾಲೀಕ ಹೇಳಿದ, ಹೊಟ್ಟೆಪಾಡು, ಹುಡುಗ ಬುದ್ಧಿ — ಥೂ. ಅವನು ನನ್ನ ಕತ್ತು ಹಿಡಿಯಲಿಲ್ಲ. ನನಗೇ ಆಸೆಯಾಯಿತು. ಅದುವರೆಗೆ ನಾನು ರುದ್ರಣ್ಣನ ದನಿ ಮಾಡಿದ್ದೆಲ್ಲ ಅದು ನಾನೇ ಎಂದು ಗೊತ್ತಿದ್ದವರ ಮುಂದೆ. ಗೊತ್ತಿಲ್ಲದವನೊಬ್ಬ ನಂಬುತ್ತಾನಾ — ಅಷ್ಟು ಚೆನ್ನಾಗಿ ಬರುತ್ತದಾ ನನಗೆ — ಅದನ್ನು ನೋಡಬೇಕಾಗಿತ್ತು. ಅಷ್ಟೇ. ಒಬ್ಬ ಮನುಷ್ಯನನ್ನು ಹಾಳು ಮಾಡಲು ಅಷ್ಟು ಸಣ್ಣ ಆಸೆ ಸಾಕಾಯಿತು.

ಅವರ ಹಾಗೆಯೇ ಗಂಟಲು ಸರಿ ಮಾಡಿಕೊಂಡೆ. "ಗಂಗಾಧರಾ... ಗಾಡಿ ಐತೆ ಕಣಪ್ಪ. ತಗೊ."

ನೀವು ಹೇಳಿದ ಮೇಲೆ ಇನ್ನೇನಣ್ಣ ಎಂದ ಅವನು. ಫೋನ್ ಇಟ್ಟೆ. ಯಾರ್ಡಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ವೇದಿಕೆಯ ಮೇಲೆ ಮಾಡುವ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಹೌದು, ನಮಸ್ಕಾರ ಮಾಡಿದೆ.

ಗಾಡಿ ಕೆಲವು ತಿಂಗಳು ಓಡಿತು. ಆಮೇಲೊಂದು ಬೆಳಿಗ್ಗೆ ಮದುವೆ ಗಂಡನ್ನು ಕೂರಿಸಿಕೊಂಡು ಹೋಗುವಾಗ ಸಾವನದುರ್ಗದ ಹತ್ತಿರ ನಿಂತಿತು. ಒಳಗಿನ ವೈರುಗಳೆಲ್ಲ ಕೊಳೆತಿದ್ದವು. ಮುಹೂರ್ತ ಮೀರುತ್ತದೆಂದು ಗಂಡನ್ನು ಹಾಲಿನ ಟೆಂಪೋದಲ್ಲಿ, ಕ್ಯಾನುಗಳ ನಡುವೆ ನಿಲ್ಲಿಸಿ ಕಳಿಸಿದರು. ಬೇರೆ ದಿನವಾಗಿದ್ದರೆ ನಾನು ಆ ಗಂಡಿನ ಪೇಟ, ಕ್ಯಾನಿನ ಸದ್ದು ಎಲ್ಲ ಸೇರಿಸಿ ಅರ್ಧ ಗಂಟೆ ನಗಿಸುತ್ತಿದ್ದೆ. ಗಂಗಾಧರನನ್ನು ಮತ್ತೆ ಯಾರೂ ಮದುವೆಗೆ ಕರೆಯಲಿಲ್ಲ.

ನಮ್ಮ ಜನರ ಮೇಲೆ ನನಗೆ ಉರಿಯುವುದು ಇಲ್ಲಿ. ಬೇರೆ ಕಂಪನಿಯ ಗಾಡಿಯಾಗಿದ್ದರೆ ಡಬ್ಬಾ ಗಾಡಿ ಎಂದು ಉಗಿದು ಸುಮ್ಮನಾಗುತ್ತಿದ್ದರು. ಇದು ಜಪಾನ್ ಗಾಡಿ, ಇದು ಕೆಡುವುದಿಲ್ಲ. ಕೆಡದೆ ಇರುವುದು ಕೆಟ್ಟಿದೆ ಎಂದ ಮೇಲೆ ಯಾರ ತಲೆಯೋ ಕೆಟ್ಟಿರಬೇಕು! ಒಬ್ಬನಾದರೂ ಸೀಟಿನ ಕೆಳಗೆ ಬಗ್ಗಿ ನೋಡಿದ್ದರೆ ಒಣಗಿದ ಕೆಸರು ಕೈಗೆ ಹತ್ತುತ್ತಿತ್ತು. ಯಾರೂ ಬಗ್ಗಲಿಲ್ಲ. ಅಷ್ಟು ದೊಡ್ಡ ಹೆಸರಿನ ಮೇಲೆ ಕೈ ಇಡಲು ಹೆದರಿ, ಮುದುಕನೊಬ್ಬನ ಬುದ್ಧಿಯ ಮೇಲೆ ಕೈ ಇಟ್ಟರು.

ಗಂಗಾಧರ ರುದ್ರಣ್ಣನ ಮನೆಗೆ ಹೋಗಿ ಕೂಗಾಡಿದ. ನಾನು ಇಲ್ಲ ಅಂದಿದ್ದೆ ಎಂದು ಇವರು. ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಅವನು. ಕೊನೆಗೆ ರುದ್ರಣ್ಣ ಅವನನ್ನು ಕರೆದುಕೊಂಡು ನೇರ ಯಾರ್ಡಿಗೆ ಬಂದರು. ಪುಟ್ಟಸ್ವಾಮಿಯ ಕಡೆ ತಿರುಗಿಯೂ ನೋಡಲಿಲ್ಲ. ಅವನ ಮಾತಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ನನ್ನ ಮೇಲೆ ಇತ್ತು.

"ಲೇ ಮಂಜ, ನೀನ್ ಅಲ್ಲೇ ನಿಂತಿದ್ದೆ. ನಾನ್ ಏನಂದೆ? ಐತೆ ಅಂದ್ನಾ, ಇಲ್ಲ ಅಂದ್ನಾ?"

ಅವರು ಹೇಳುತ್ತಿದ್ದ ಆ ಹಗ್ಗ ನನ್ನ ಮೂಗಿನ ಮುಂದೆ ತೂಗುತ್ತಿತ್ತು. ಒಂದು ಮಾತು ಸಾಕಿತ್ತು. ಕೆಲಸ ಹೋಗುತ್ತಿತ್ತು, ನಾಲ್ಕು ಏಟು ಬೀಳುತ್ತಿತ್ತು — ಬೀಳಬೇಕಾದದ್ದೇ. ನಾನು ಎಳೆಯಲಿಲ್ಲ.

"ಐತೆ ಅಂದ್ರಿ ಕಣಣ್ಣ. ಫೋನಲ್ಲೂ ನೀವೇ ಮಾತಾಡುದ್ರಿ. ಮರ್ತೋಗೈತೆ ನಿಮ್ಗೆ."

ಅವರು ಬೈಯಲಿಲ್ಲ. ನನ್ನನ್ನೇ ನೋಡಿದರು — ಜೇಬಿನಲ್ಲಿಟ್ಟದ್ದು ಸಿಗದೆ ಎಲ್ಲ ಜೇಬು ತಡಕುವವನ ಕಣ್ಣಿನಲ್ಲಿ. ಆಮೇಲೆ "ಅಂಗಾ..." ಎಂದರು. ರೇಷ್ಮೆ ಕಥೆಗೆ ಯಾರಾದರೂ ನಕ್ಕರೆ ಮಾತು ಬಿಡುತ್ತಿದ್ದ ಆ ಜಂಬದ ಮನುಷ್ಯ, ಮಗನ ವಯಸ್ಸಿನ ಗಂಗಾಧರನಿಗೆ ಕೈ ಮುಗಿದು ತಪ್ಪಾಯಿತು ಎಂದರು.

ಮುಂದಿನದೆಲ್ಲ ತಾನಾಗಿಯೇ ಉರುಳಿತು. ಅಪ್ಪನಿಗೆ ಅರಳುಮರಳು ಎಂದು ಮಗ ಸ್ಟಿಯರಿಂಗ್ ಬಿಡಿಸಿದ. ಅವರದೇ ಆದ ಹಳೇ ಜಪಾನ್ ಗಾಡಿಯನ್ನು ನಮ್ಮ ಯಾರ್ಡಿಗೇ ತಂದು ನಿಲ್ಲಿಸಿದ. ಅದನ್ನು ಒರೆಸಿ ಮಿಂಚಿಸಿ, ರುದ್ರಣ್ಣನ ಕೈಲಿದ್ದ ಗಾಡಿ ಸಾರ್ ಎಂದು ಹೇಳಿ ಮಾರಿದವನೂ ನಾನೇ. ಗಾಡಿ ನೋಡಲು ಅವರನ್ನು ಕರೆಯುವವರು ಒಬ್ಬರೂ ಉಳಿಯಲಿಲ್ಲ.

ಇಷ್ಟು ಸಾಲದು ಎಂಬಂತೆ — ಇದನ್ನು ಬರೆಯಲು ಕೈ ಬರುತ್ತಿಲ್ಲ — ಮುಂದಿನ ಗಣಪತಿ ಹಬ್ಬಕ್ಕೆ ನಾನೊಂದು ಹೊಸ ಐಟಂ ಮಾಡಿದೆ. ಗಾಡಿ ಐತೆ... ಅಲ್ಲಲ್ಲ, ಇಲ್ಲ... ಏನಂದೆ ನಾನು? ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಪೆಂಡಾಲು ಹಾರಿಹೋಗುವಂತೆ ನಕ್ಕಿರಿ. ಒನ್ಸ್ ಮೋರ್ ಎಂದಿರಿ. ನಾನು ಒನ್ಸ್ ಮೋರ್ ಮಾಡಿದೆ.

ಆಮೇಲೆ ಯಾರ್ಡ್ ಬಿಟ್ಟೆ. ಪಶ್ಚಾತ್ತಾಪದಿಂದಲ್ಲ, ಬೇರೆ ಕಡೆ ಸಂಬಳ ಜಾಸ್ತಿ ಸಿಕ್ಕಿತು. ನಾಲ್ಕು ವರ್ಷ ಆರಾಮಾಗಿ ನಿದ್ದೆ ಮಾಡಿದೆ. ಹೋದ ತಿಂಗಳು ಸಂತೆಯಲ್ಲಿ ರುದ್ರಣ್ಣನ ಸೊಸೆ ಮಮತಕ್ಕ ಸಿಕ್ಕರು. ಮಾವ ಹೇಗಿದ್ದಾರೆ ಎಂದು ಬಾಯಿಮಾತಿಗೆ ಕೇಳಿದೆ. ಊಟ ಮಾಡಿ ಎದ್ದವರು ಕೈ ಇನ್ನೂ ಒದ್ದೆ ಇರುವಾಗಲೇ ಉಂಡ್ನಾ ಎಂದು ಕೇಳುತ್ತಾರೆ ಎಂದರು. ಆದರೆ ಉಂಡದ್ದೇನು ಎಂದು ಕೇಳಿದರೆ ಮುದ್ದೆ, ಅವರೆಕಾಳು ಸಾರು, ಉಪ್ಪು ಒಸಿ ಕಮ್ಮಿ ಎಂದು ಸರಿಯಾಗಿ ಹೇಳುತ್ತಾರಂತೆ. ಅಕ್ಕನಿಗೆ ಅದೊಂದು ತಮಾಷೆ. ನನಗಲ್ಲ. ರುದ್ರಣ್ಣನಿಗೆ ಎಲ್ಲ ನೆನಪಿದೆ. ನೆನಪಿನ ಮೇಲೆ ನಂಬಿಕೆ ಇಲ್ಲ, ಅಷ್ಟೇ. ಅದನ್ನು ಕಿತ್ತುಕೊಂಡವನು ಅವರ ಸೊಸೆಯ ಎದುರು ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದ.

ಮರುದಿನವೇ ಹೋದೆ. ಜಗಲಿಯ ಮೇಲೆ ಕೂತಿದ್ದರು. ಎಲ್ಲ ಹೇಳಿದೆ. ಮಮತಕ್ಕ ನಕ್ಕು, ವಯಸ್ಸಾದವರ ಹತ್ತಿರ ನಿನ್ನ ನಾಟಕ ಬೇಡ ಎಂದರು. ನಾಟಕವಲ್ಲ ಎಂದು ತೋರಿಸಲು ರುದ್ರಣ್ಣನೆದುರೇ ರುದ್ರಣ್ಣನ ದನಿ ಮಾಡಿದೆ. ಅಕ್ಕ ಇನ್ನೂ ಜೋರಾಗಿ ನಕ್ಕರು. ನನ್ನ ಜನ್ಮಕ್ಕೆ ಇದೇ ತಕ್ಕ ಶಾಸ್ತಿ — ಜೀವನದಲ್ಲಿ ಒಂದೇ ಒಂದು ಸಲ ನಿಜ ಹೇಳಲು ಹೋದೆ, ಅದೂ ಐಟಂ ಆಯಿತು.

ರುದ್ರಣ್ಣ ನಗಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟರು. "ನೀನ್ ಒಳ್ಳೆಯವ್ನು ಕಣ್ಲಾ ಮಂಜ. ನನ್ ಮರೆವ ನಿನ್ ತಲೆ ಮೇಲೆ ಒತ್ಕಳಕ್ ಬಂದಿದ್ದೀಯ. ಬ್ಯಾಡ ಮಗ. ವಯಸ್ಸಾಯ್ತು ನಂಗೆ, ಒಪ್ಕಂಡಿವ್ನಿ."

ಆ ಕೈಯನ್ನು ಕೊಡವಿ ಎದ್ದು ಬಂದೆ. ಕಿರುಚಬೇಕೆನಿಸಿತು. ಯಾರ ಮೇಲೆ ಕಿರುಚುವುದು.

ಅಲ್ಲಿಂದ ಕೆಂಪಾಪುರಕ್ಕೆ ಹೋದೆ. ಗಂಗಾಧರ ಈಗ ತರಕಾರಿ ಟೆಂಪೋ ಓಡಿಸುತ್ತಾನೆ. ಅಂಗಡಿ ಮುಂದೆ, ನಾಲ್ಕು ಜನರೆದುರು ಹೇಳಿದೆ. ಗಂಗಾಧರಾ, ಗಾಡಿ ಐತೆ ಕಣಪ್ಪ — ಅಂದದ್ದನ್ನೂ ಅಂದು ತೋರಿಸಿದೆ. ಮುಖ ಬಿಳುಚಿತು ಅವನದು. ಕೆನ್ನೆಗೆ ಹೊಡೆದ. ನನ್ನ ಮಾತನ್ನು ನಂಬಿದ್ದು ಅವನೊಬ್ಬನೇ. ಆಮೇಲೆ ಟೆಂಪೋದ ಮೆಟ್ಟಿಲ ಮೇಲೆ ಕುಸಿದು ಕೂತು, "ಅವ್ರ ತಾವ ಕೈ ಮುಗುಸ್ಕಂಡ್ ಬಂದ್ಬುಟ್ನಲ್ಲೋ" ಎಂದ. ಅವನಿಗೆ ನಾಚಿಕೆ. ನಾಚಿಕೆ ಪಡಬೇಕಾದವನು ಅವನಲ್ಲ.

ರುದ್ರಣ್ಣ, ಇದನ್ನು ನಿಮಗೆ ಮಮತಕ್ಕ ಓದಿ ಹೇಳಲಿ; ಇಲ್ಲಿ ಯಾರ ದನಿಯನ್ನೂ ಮಾಡುತ್ತಿಲ್ಲ ನಾನು. ಸೋಮವಾರ ಗಂಗಾಧರನೂ ನಾನೂ ನಿಮ್ಮ ಮನೆಗೆ ಬರುತ್ತೇವೆ. ಅವನು ಕೇಳಿದ್ದನ್ನು ಅವನು ಹೇಳುತ್ತಾನೆ, ನಾನು ಮಾಡಿದ್ದನ್ನು ನಾನು ಹೇಳುತ್ತೇನೆ, ನಿಮ್ಮ ಮಗನ ಎದುರಿಗೆ. ನೀವು ಏನನ್ನೂ ಮರೆತಿರಲಿಲ್ಲ. ಬಾಗಿಲು ಹಾಕುತ್ತ ಇಲ್ಲ ಎಂದಿರಿ, ನಾನು ಕೇಳಿಸಿಕೊಂಡೆ. ಉಗಿಯಿರಿ, ಹೊಡೆಯಿರಿ, ಹೊಸಿಲು ತುಳಿಯಬೇಡ ಎನ್ನಿ. ಇನ್ನೊಂದು ಸಲ ನನ್ನನ್ನು ಒಳ್ಳೆಯವನು ಎಂದು ಮಾತ್ರ ಅನ್ನಬೇಡಿ.